ಒರಗಬಾರದ ಗೋಡೆ

ಯೋಗದ ಮಾಸ್ತರರಿಂದ ಆಗದ ಕೆಲಸವನ್ನು ಬೈಲಹೊಂಗಲದ ನಮ್ಮ ಕಾಕಾ ಒಂದು ಕಪ್ ಚಹಾ ಮುಗಿಯುವುದರೊಳಗೆ ಮಾಡಿಸಿಬಿಡುತ್ತಿದ್ದ! ಅವನ ಮನೆಗೆ ಬಂದವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂರಬೇಕು. ಅಪ್ಪಿತಪ್ಪಿ ಗೋಡೆಗೆ ಒರಗಿದಿರೋ, ಮುಗಿಯಿತು.

"ಸ್ವಲ್ಪ ಮುಂದ ಬರ್ರಿ," ಅನ್ನುತ್ತಿದ್ದ. "ಗೋಡಿಗೆ ಗಾಳಿ ಬೇಕ."

ಯಾವ ಊರಿನ ಗೋಡೆಗೆ ಗಾಳಿ ಬೇಕು ಹೇಳಿ? ಆದರೆ ಕಾಕಾನ ಗೋಡೆ ಅಂಥಿಂಥ ಗೋಡೆಯಲ್ಲ. ಪುಂಡಿಯ ನಾರು, ಹೊಳೆದಂಡೆಯ ಜೇಕಿನ ಹುಲ್ಲು, ಜೋಳದ ದಂಟಿನ ಸಿಬರು ಎಲ್ಲವನ್ನೂ ಕೈಯಾರೆ ನೇಯ್ದು, ಬಿದಿರಿನ ಪಟ್ಟಿ ಬಡಿದು, ನಡುಮನೆಯ ನಾಲ್ಕೂ ಗೋಡೆಗಳಿಗೆ ಅಂಗಿ ತೊಡಿಸಿಬಿಟ್ಟಿದ್ದ. ನಾವು ಪಲ್ಯ ಮಾಡಿ ಉಣ್ಣುತ್ತೇವಲ್ಲ, ಅದೇ ಪುಂಡಿ. ಎಲೆ ಹೊಟ್ಟೆಗೆ, ನಾರು ಹಗ್ಗಕ್ಕೆ. ಪೇಟೆಯಲ್ಲಿ ಕಾಕಾನದು ಹಗ್ಗದ ಅಂಗಡಿ. ತೊಂಬತ್ತರ ದಶಕದಲ್ಲಿ ಕೆಂಪು, ನೀಲಿ ನೈಲಾನ್ ಹಗ್ಗಗಳು ಬಂದ ಮೇಲೆ ನಾರಿನ ಹಗ್ಗ ಕೇಳುವವರು ಕಡಿಮೆಯಾದರು. ನಾರಿನ ಪೆಂಡಿಗಳು ಅಟ್ಟ ಮುಟ್ಟುವವರೆಗೆ ಬಿದ್ದಿದ್ದವು, ಕಾಕಾ ಅವುಗಳ ಕೆಳಗೆ ತೂಕಡಿಸುತ್ತಿದ್ದ.

ಆಗಲೇ ಯಾರದೋ ಮದುವೆಯ ದಿಬ್ಬಣದ ಜೊತೆ ಹೊರಟವನು ಕಿತ್ತೂರಿನಾಚೆ ಹೈವೇ ಮೇಲಿನ ಹೊಸ ಹೋಟೆಲಿನಲ್ಲಿ ಚಹಾಕ್ಕೆ ಇಳಿದ. ಅಲ್ಲಿಯ ಗೋಡೆಗೆ ಬಣ್ಣವಿರಲಿಲ್ಲ, ಹುಲ್ಲಿನ ನೇಯ್ಗೆ ಅಂಟಿಸಿದ್ದರು. ಕಾಕಾ ಮುಟ್ಟಿದ. ಮೂಸಿದ. ಕಣ್ಣು ಮುಚ್ಚಿ ಕೆನ್ನೆ ಹಚ್ಚಿದ. ಮ್ಯಾನೇಜರ್ ಗಾಬರಿಯಾಗಿ ಓಡಿ ಬಂದ.

"ಮುಟ್ಟಬ್ಯಾಡ್ರಿ, ಅದು ಫಾರಿನ್ನಿಂದ ತರಿಸಿದ್ದೈತಿ!"

"ಫಾರಿನ್ನಿನಾಗೂ ಪುಂಡಿ ಬೆಳೀತಾರೇನು?" ಅಂದ ಕಾಕಾ.

ದಿಬ್ಬಣದ ಬಸ್ಸು ಹಾರ್ನ್ ಹೊಡೆದೂ ಹೊಡೆದೂ ಹೊರಟುಹೋಯಿತು. ಕಾಕಾ ಗೋಡೆ ನೋಡುತ್ತ ನಿಂತೇ ಇದ್ದ. ಮದುವೆಮನೆಯಲ್ಲಿ ಅಕ್ಕಿಕಾಳು ಬಿದ್ದು ಊಟದ ಎರಡನೇ ಪಂಕ್ತಿ ಏಳುವ ಹೊತ್ತಿಗೆ ಒಂದು ಟ್ರಕ್ಕಿನಿಂದ ಇಳಿದು ಬಂದನಂತೆ. ಮದುಮಕ್ಕಳ ಮುಖ ನೆನಪಿಲ್ಲ, ಆ ಗೋಡೆಯ ಎಳೆ ಎಳೆಯೂ ನೆನಪಿದೆ ಎಂದು ಇವತ್ತಿಗೂ ಹೇಳುತ್ತಾನೆ.

ಮನೆಗೆ ಬಂದವನೇ ಹೊರಸಿನ ನುಲಿ ಬಿಚ್ಚಿ ಅದರ ಚೌಕಟ್ಟನ್ನೇ ಮಗ್ಗ ಮಾಡಿಕೊಂಡ. ಉದ್ದಕ್ಕೆ ಹತ್ತಿಯ ದಾರ, ಅಡ್ಡಕ್ಕೆ ನಾರು.

"ಇನ್ನ ನಾ ಎಲ್ಲೆ ಮಲಗಲಿ?" ಎಂದು ಕಾಕಾನ ಹೆಂಡತಿ ಚಿಗವ್ವ ಕೇಳಿದಳು.

"ನೆಲದ ಮ್ಯಾಲೆ ಮಲಗು. ಹೊರಸು ಸದ್ಯ ಡ್ಯೂಟಿ ಮ್ಯಾಲೈತಿ."

ಜೇಕು ತರಲು ಸವದತ್ತಿಗೆ ಹೋದದ್ದು ಇನ್ನೊಂದು ಕಥೆ. ವಾಪಸು ಬರುವಾಗ ಬಸ್ಸಿನ ಅರ್ಧ ಭಾಗ ಕಾಕಾನ ಹೊರೆಯೇ! ಕಂಡಕ್ಟರ್ ಕೇಳಿದ, "ಏನ್ರಿ ಯಜಮಾನ್ರ ಇದು?"

"ಗೋಡಿ."

"ಗೋಡಿ?" ಕಂಡಕ್ಟರ್ ಹೊರೆಯನ್ನೂ ಕಾಕಾನನ್ನೂ ಎರಡೆರಡು ಸಲ ನೋಡಿದ. "ಇಷ್ಟು ವರ್ಷದಾಗ ಕುರಿ ಬಂದಾವು, ಕೋಳಿ ಬಂದಾವು. ಗೋಡಿ ಇದ ಮೊದಲರಿ."

ದಂಟಿನ ಸಿಬರಿನಿಂದ ನೇಯ್ದ ಮೊದಲ ತುಂಡನ್ನು ಕಟ್ಟೆಯ ಮೇಲೆ ಬಿಸಿಲಿಗೆ ಹಾಕಿದ್ದಾಗ ಎದುರುಮನೆಯ ಎಮ್ಮೆ ಬಂದು ಅರ್ಧ ತಿಂದುಹಾಕಿತು. ಕಾಕಾ ಜಗಳಕ್ಕೆ ಹೋಗುತ್ತಾನೆಂದು ಓಣಿಗೆ ಓಣಿಯೇ ಕಾಯುತ್ತಿತ್ತು. ಅವನೋ, ಉಳಿದರ್ಧ ಎತ್ತಿಕೊಂಡು ಹೆಮ್ಮೆಯಿಂದ ಓಣಿ ತುಂಬ ಓಡಾಡಿದ. "ನೋಡ್ರಿ, ಅಸಲಿ ಮಾಲಂತ ಎಮ್ಮಿಗೂ ಗೊತ್ತಾಗೇತಿ!"

ನಗುವುದು ಸುಲಭ. ಆದರೆ ನಾನು ಕಿತ್ತೂರಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿ ಶನಿವಾರ ಶನಿವಾರ ಆ ಮನೆಗೆ ಬರತೊಡಗಿದ ಮೇಲೆ ನನಗೂ ಆ ಗೋಡೆಯ ಹುಚ್ಚು ಹಿಡಿಯಿತು. ಬೆಳಕಿಂಡಿಯಿಂದ ಮುಂಜಾನೆಯ ಬಿಸಿಲು ಬಿದ್ದರೆ ಅದಕ್ಕೆ ಎಳೆ ಜೋಳದ ಬಣ್ಣ, ಮಧ್ಯಾಹ್ನ ತಿರುಗಿದರೆ ಬೆಲ್ಲದ ಬಣ್ಣ. ಮಾತಾಡಿದರೆ ಮಾತು ಮೆತ್ತಗಾಗುತ್ತಿತ್ತು. ಕುಕ್ಕರಿನ ಸೀಟಿ ಕೂಡ ಪಕ್ಕದ ಊರಿನಲ್ಲಿ ಕೂಗಿದಂತೆ ಕೇಳುತ್ತಿತ್ತು. ಮಳೆಗಾಳಿ ಬೀಸಿದಾಗ ನಾರು ತುಸು ತೇವ ಹೀರಿ ಹಸಿ ಹೊಲದ ವಾಸನೆ ಬಿಡುತ್ತಿತ್ತು. ಊರವರು ಟಿವಿ ನೋಡುವ ಹೊತ್ತಿನಲ್ಲಿ ಕಾಕಾ ಅದರೆದುರು ಚಾಪೆ ಹಾಸಿಕೊಂಡು ಕೂರುತ್ತಿದ್ದ.

"ಏನ್ ನೋಡಾಕತ್ತಿ ಕಾಕಾ?"

"ಹೊಲಾ ನೋಡಾಕತ್ತೇನಿ."

"ಹೊಲ ಊರ ಹೊರಗೈತಲ್ಲ?"

"ಅಲ್ಲೆ ಬಿಸಲ ಭಾಳ."

ಈ ಸ್ವರ್ಗಕ್ಕೆ ಒಬ್ಬಳೇ ಒಬ್ಬ ವೈರಿ, ನಮ್ಮ ಚಿಗವ್ವ. ಅವಳ ತಲೆತುಂಬ ಕೂದಲು, ಕೂದಲ ತುಂಬ ಕೊಬ್ಬರಿ ಎಣ್ಣೆ. ಅಡಿಗೆಮನೆಯ ಬಾಗಿಲ ಪಕ್ಕ ಅವಳದೊಂದು ಜಾಗ. ಕಾಳು ಹಸನು ಮಾಡುವುದು, ಪಲ್ಯ ಸೋಸುವುದು, ತುಸು ಕಣ್ಣು ಮುಚ್ಚುವುದು ಎಲ್ಲ ಅಲ್ಲೇ, ಗೋಡೆಗೆ ತಲೆಯೊರಗಿಸಿಕೊಂಡು. ಹೊಸ ನೇಯ್ಗೆ ಹಾಕಿ ಎಂಟು ದಿನವಾಗಿರುವುದಿಲ್ಲ, ಅಲ್ಲೊಂದು ತಟ್ಟೆಯಗಲದ ಎಣ್ಣೆಕಲೆ!

"ನಿನ್ನ ತಲಿಯೊಳಗೇನು ಗಾಣ ಐತೇನು?"

"ತಲಿ ಐತಿ, ಎಣ್ಣಿ ಹಚ್ಚತೇನಿ. ಗೋಡಿ ಐತಿ, ಒರಗತೇನಿ. ಒರಗಾಕ ಬಾರದ ಗೋಡಿ ಇದ್ದರೆಷ್ಟು, ಬಿಟ್ಟರೆಷ್ಟು?"

ಕಾಕಾ ಅಂಟವಾಳದ ನೊರೆ ಹಚ್ಚಿ ತಿಕ್ಕಿದ. ಅಡ್ಡ ದಾರ ಕಟ್ಟಿದ, ಅವಳು ಅದಕ್ಕೆ ಒದ್ದೆ ಸೆರಗು ಒಣಹಾಕಿದಳು. ಕಡೆಗೆ ವರ್ಷಕ್ಕೆರಡು ಸಲ ಆ ತುಂಡನ್ನೇ ಕಿತ್ತು ಹೊಸದು ನೇಯತೊಡಗಿದ. ಒಂದೇ ಒಂದು ಸಲ ಈ ಗೋಡೆ ಕಲೆಯಿಲ್ಲದೆ ಉಳಿಯಬೇಕು, ತನಗೆ ಬೇರೇನೂ ಬೇಡ ಎನ್ನುತ್ತಿದ್ದ. ಹೀಗೆ ಏಳೆಂಟು ವರ್ಷ ನಡೆಯಿತು.

ಆಮೇಲೆ ಚಿಗವ್ವನ ಎದೆಯಲ್ಲಿ ಗಂಟು ಕಾಣಿಸಿತು. ಬೆಳಗಾವಿಯ ದವಾಖಾನೆ, ಆಪರೇಷನ್, ಅದಾದ ಮೇಲೆ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವ ಔಷಧ. ಆರು ತಿಂಗಳು ಅವಳು ಅಲ್ಲೇ ತಂಗಿಯ ಮನೆಯಲ್ಲಿದ್ದಳು. ಕಾಕಾ ಹೋಗಿ ಬಂದು ಮಾಡುತ್ತಿದ್ದ. ಊರಿನಲ್ಲಿದ್ದ ದಿನಗಳಲ್ಲಿ ಕೈಗೆ ಕೆಲಸ ಬೇಕಲ್ಲ? ಹಳೆಯ ಕಲೆಯ ತುಂಡು ಕಿತ್ತು, ಅದುವರೆಗೆ ಯಾವ ಗೋಡೆಗೂ ನೇಯದಷ್ಟು ನಯವಾದ ತುಂಡೊಂದನ್ನು ನೇಯ್ದು ಅಲ್ಲಿ ಕೂರಿಸಿದ. "ಬಂದ ಮ್ಯಾಲೆ ಹೊಲಸ ಮಾಡಾಕ ಅಕಿಗೂ ಏನರ ಬೇಕಲ್ಲ," ಅಂದ.

ಚಿಗವ್ವ ಬಂದಳು. ಅರ್ಧ ಆಗಿದ್ದಳು. ಸೆರಗಿನ ಕೆಳಗೆ ತಲೆ ನುಣ್ಣಗಿತ್ತು. ನೇರ ತನ್ನ ಜಾಗಕ್ಕೆ ಹೋಗಿ ಕೂತು, ಗೋಡೆಗೊರಗಿ ಕಣ್ಣು ಮುಚ್ಚಿದಳು. ಅವಳು ಎದ್ದ ಮೇಲೆ ನೋಡಿದರೆ ಗೋಡೆಯ ಮೇಲೆ ಏನೂ ಇರಲಿಲ್ಲ. ಮರುದಿನವೂ ಇರಲಿಲ್ಲ. ಒಂದು ವರ್ಷ ಕಾಯ್ದು ನೋಡಬೇಕು ಎಂದಿದ್ದರು ಡಾಕ್ಟರು. ಕಾಕಾ ಕಾಯ್ದದ್ದು ಗೋಡೆಯ ಮುಂದೆ. ಅವಳು ಎದ್ದು ಒಳಗೆ ಹೋದ ಕೂಡಲೇ ಬಂದು ಬಗ್ಗಿ ನೋಡುತ್ತಿದ್ದ. ಇಷ್ಟು ವರ್ಷ ಬೇಡಿದ ಕಲೆಯಿಲ್ಲದ ಗೋಡೆ ಎದುರಿಗಿತ್ತು, ಅದನ್ನು ನೋಡಲು ಅವನಿಗೆ ಭಯವಾಗುತ್ತಿತ್ತು. ನನಗೂ ಆಗುತ್ತಿತ್ತು. ಅವಳು ಉಳಿಯುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮರುವರ್ಷದ ಒಂದು ಶನಿವಾರ ಕಿತ್ತೂರಿನ ಬಸ್ಸಿಳಿದರೆ ಎದುರಿಗೆ ಕಾಕಾ! ಒಂದು ದಿನವೂ ನನ್ನನ್ನು ಕರೆಯಲು ಬಸ್ ಸ್ಟ್ಯಾಂಡಿಗೆ ಬಂದವನಲ್ಲ. ಅವನು ಕೈ ಹಿಡಿದು ದರದರ ಎಳೆದುಕೊಂಡು ಹೋದ. ಮನೆ ಹೊಕ್ಕು ಚಿಗವ್ವನ ಜಾಗದ ಮುಂದೆ ಮೊಣಕಾಲೂರಿ ಕೂತ.

"ಬಾ ಯವ್ವಾ, ಇಲ್ಲೆ ನೋಡು. ಮುಟ್ಟಬ್ಯಾಡ ಮತ್ತ, ಅಳಿಸೀತು."

ಹೊಸ ನಾರಿನ ಮೇಲೆ, ಹಣೆಯ ಬೊಟ್ಟಿನಷ್ಟು ಅಗಲದ ಒಂದು ಎಣ್ಣೆಕಲೆ ಇತ್ತು.

ಚಿಗವ್ವ ಅಡಿಗೆಮನೆಯಿಂದ ಹೊರಗೆ ಬಂದಳು. ತಲೆಯ ಮೇಲೆ ಬೆರಳುದ್ದದ ಕೂದಲು ಬೆಳೆದಿತ್ತು. ಹೆರಳು ಹಾಕಲು ಬರುವಂತಿರಲಿಲ್ಲ, ಎಣ್ಣೆಗೆ ಹೊಳೆಯುತ್ತಿತ್ತು. "ಹನಿ ಎಣ್ಣಿ ಮುಟ್ಟಿಸಿದ್ದೆ ನೋಡವಾ," ಎಂದಳು ನಾಚಿಕೊಂಡು. "ಡಾಕ್ಟರು ಇನ್ನ ಏನೂ ಭಯ ಇಲ್ಲ, ಎಣ್ಣಿ ಹಚ್ಚಬಹುದು ಅಂದ್ರು. ಅದಕ್ಕ ಕಲಿ ತೋರ್ಸಾಕ ಬಸ್ ಸ್ಟ್ಯಾಂಡಿನ ತನಕ ಹೋಗಿ ಮಂದಿ ಕರಕೊಂಡು ಬರಬೇಕೇನು?"

ಕಾಕಾ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಒಳಗೆ ಹೋದ. ಎಣ್ಣೆಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದೆ ಇಟ್ಟ.

"ಇಷ್ಟರಾಗ ಏನಾಗತೈತಿ," ಅಂದ. "ಇನ್ನಷ್ಟು ಹಚ್ಕೊ."