ಕಾಕಾ ಹೊದಿಸಿದ ಟವೆಲ್

ನಮ್ಮ ಕಾಕಾನಂಥ ಭ್ರಷ್ಟ ಮನುಷ್ಯ ಬೈಲಹೊಂಗಲದಲ್ಲೇ ಇನ್ನೊಬ್ಬನಿರಲಿಲ್ಲ! ಇದು ನನ್ನ ಮಾತಲ್ಲ, ಸಮುದ್ರದಾಚೆಯ ಒಂದು ದೊಡ್ಡ ಕಂಪನಿಯ ತೀರ್ಮಾನ. ಅಷ್ಟು ದೂರದಿಂದ ಬಂದವರು ಸುಳ್ಳು ಹೇಳುತ್ತಾರೆಯೇ?

ತೊಂಬತ್ತರ ದಶಕದ ಕೊನೆಯಿರಬೇಕು. ವಿಶ್ವವಿದ್ಯಾಲಯ ಎಲ್ಲವನ್ನೂ ಸಂಶಯಿಸಲು ಕಲಿಸಿದ್ದರಿಂದ ನನ್ನ ನೆನಪನ್ನೂ ನಾನು ನಂಬುವುದಿಲ್ಲ. ಕಾಕಾ ಆ ಕಂಪನಿಗೆ ಹತ್ತಿ ಕೊಂಡು ಕಳಿಸುತ್ತಿದ್ದ. ಪೇಟೆಯಲ್ಲಿ ಅವನ ಮಾನವೆಲ್ಲ ಆ ಏಜೆನ್ಸಿಯ ಮೇಲೆ ನಿಂತಿತ್ತು. ಆದರೆ ಹತ್ತಿ ಒತ್ತಿ ಕಟ್ಟಿದ ಅಂಡಿಗೆಗಳು ಹಡಗು ಹತ್ತಬೇಕಾದರೆ ಬಂದರಿನವರ ಕೈ ಬೆಚ್ಚಗಾಗಬೇಕಲ್ಲ! ಗುಮಾಸ್ತ ಮೇಜಿನ ಕೆಳಗಿಂದ ಅಂಗೈ ಚಾಚಿದಾಗ ಕಾಕಾ ಸವದತ್ತಿ ಎಲ್ಲಮ್ಮನ ಅರಿಶಿನದ ಭಂಡಾರ ಸುರಿದನಂತೆ.

“ಏನ್ರೀ ಇದು?”

“ಭಂಡಾರರೀ. ಹಣಿಗೆ ಹಚ್ಚಿಕೊಳ್ರಿ, ಬುದ್ಧಿ ಬರತೈತಿ.”

ಬುದ್ಧಿ ಬರಲಿಲ್ಲ, ಹಡಗು ಹೋಯಿತು. ಹತ್ತಿ ಅಲ್ಲೇ ಮುಗ್ಗಿತು. ಕಂಪನಿಯ ಇಲ್ಲಿನ ಮ್ಯಾನೇಜರ್ ಕಾಕಾನಿಗೆ ಉಗಿದು, ಬಂದರಿನ ಕೆಲಸಕ್ಕೆ ದಲ್ಲಾಳಿಯೊಬ್ಬನನ್ನು ನೇಮಿಸಿದ. ಅಂಡಿಗೆಗಳಿಗೆ ಕಾಲು ಬಂದವು! ದಲ್ಲಾಳಿ ಬಂದರಿನವರಿಗೆ ತಿನ್ನಿಸಿದ್ದೆಲ್ಲ ಹತ್ತಿಯ ಬೆಲೆಗೆ ಸೇರಿತು. ಪರದೇಶದ ಗಿರಾಕಿಗಳು ಜಾರತೊಡಗಿದರು. ಆಗ ಮುಖ್ಯ ಕಚೇರಿಗೆ ಎಚ್ಚರವಾಗಿ, ತನಿಖೆಗೆ ಒಬ್ಬ ಸಾಹೇಬನನ್ನು ಕಳಿಸಿತು.

ಕಾಕಾನ ಸಂಭ್ರಮವೇನು ಕೇಳುತ್ತೀರಿ! “ಇಷ್ಟ ದಿನಕ್ಕ ಒಬ್ಬ ಪ್ರಾಮಾಣಿಕ ಮನಷ್ಯಾ ಮನಿಗೆ ಬಂದಾನ. ಬರಿಗೈಲೆ ಕಳಸೂದೇನು?” ಎಂದು ಅವನ ತಲೆಗೆ ಟೋಪಿ, ಹೆಗಲಿಗೆ ಟವೆಲ್, ಕೈಗೆ ತೆಂಗಿನಕಾಯಿ, ಕಾಣದ ಅವನ ಹೆಂಡತಿಗೂ ಒಂದು ಕುಬಸದ ಖಣ! ಸಾಹೇಬ ಮೈಮೇಲೆ ಹಾವು ಬಿದ್ದವನಂತೆ ಎದ್ದು, ಎಲ್ಲವನ್ನೂ ಅಲ್ಲೇ ಬಿಟ್ಟು ಜೀಪು ಹತ್ತಿದ. ಟವೆಲ್ ಅಚ್ಚ ಬಿಳಿಯದೆಂದು ನನ್ನ ನೆನಪು. “ಕೆಂಪ ಅಂಚಿಂದಪಾ, ನಾನs ತಂದ ಕೊಟ್ಟೇನಿ” ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಜಗಳಕ್ಕೇ ಬರುತ್ತಿದ್ದಳು.

ತನಿಖೆಗೆ ಬಂದವನಿಗೇ ಕಾಣಿಕೆ ಕೊಟ್ಟನೆಂದು ಏಜೆನ್ಸಿ ಹೋಯಿತು. ಮ್ಯಾನೇಜರನ ಮನೆಯಲ್ಲಿ ಯಾವ ಟವೆಲ್ಲೂ ಸಿಗಲಿಲ್ಲ, ಅವನಿಗೆ ಬಡ್ತಿಯಾಯಿತು! ಕೆಲವು ವರ್ಷಗಳಲ್ಲಿ ಕಂಪನಿಯೂ ಗಂಟುಮೂಟೆ ಕಟ್ಟಿತು. “ಲಂಚಾ ಕೊಡಾಕ ಹೋಗಿ ಸಿಕ್ಕಾನಂತ” ಎಂಬ ಮಾತು ಮಾತ್ರ ಪೇಟೆಯಲ್ಲೇ ಉಳಿಯಿತು. ಕಾಕಾ ಖಾಲಿ ಗೋದಾಮಿನ ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಿದ್ದ.

ಮಗಳ ಮದುವೆಯಲ್ಲೂ ಅವನು ಯಾರ ಹೆಗಲಿಗೂ ಟವೆಲ್ ಹಾಕಲಿಲ್ಲ.

“ಏನ್ರೀ ಬೀಗರ, ನಮಗೊಂದು ಟಾವೆಲ್ಲೂ ಇಲ್ಲೇನ್ರಿ?”

“ಕಂಪನಿ ರೂಲ್ಸರೀ!” ಎಂದ ಕಾಕಾ.

ಕಾಕಾ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಹೊರಡಲು ಎದ್ದಾಗ ಕಾಕುಗೆ ಕಣ್ಸನ್ನೆ ಮಾಡಿದ. ಅವಳು ಟ್ರಂಕು ತೆಗೆದಳು.

“ಹೊರಗ ಯಾರರ ಅದಾರೇನ ನೋಡ, ತಮ್ಮಾ” ಎಂದ, ಪಿಸುದನಿಯಲ್ಲಿ.

ಬಾಗಿಲು ಮುಂದೆ ಮಾಡಿ ಬಂದು ಬಾಗಿದೆ. ಕಾಕಾ ನನ್ನ ಹೆಗಲಿಗೆ ಟವೆಲ್ ಹೊದಿಸಿದ. ಸಾಹೇಬ ಬಿಟ್ಟುಹೋಗಿದ್ದುದೇ ಅದು.

ಅಂಚು ಕೆಂಪಗಿತ್ತು.