ತಿರುಗುವ ಕುರ್ಚಿಯ ದೋಣಿ

ಕತ್ತರಿಯಣ್ಣನ ಪೀಕಲಾಟ ಶುರುವಾದದ್ದು ಮಾವನವರ ಬಲ ಮೊಣಕಾಲಿನಿಂದ. ಎರಡು ತಿಂಗಳ ಹಿಂದೆ ಆ ಮೊಣಕಾಲು ಕೈಕೊಟ್ಟಿತ್ತು.

ಮೂಲೆಯ ಸಲೂನು ಅವನದು. ಬೀದಿಯವರು ಕತ್ತರಿಯಣ್ಣ ಎಂದು ಕರೆದೂ ಕರೆದೂ ನಿಜವಾದ ಹೆಸರು ಅವನಿಗೇ ಎಷ್ಟೋ ಸಲ ಥಟ್ಟನೆ ನೆನಪಾಗುತ್ತಿರಲಿಲ್ಲ. ಮದುವೆಯಾದಾಗಿನಿಂದ ಹನ್ನೊಂದು ವರ್ಷ, ಸಲೂನಿಗೆ ರಜೆಯಿರುವ ಪ್ರತಿ ಸೋಮವಾರ, ಬೆಳಗಿನ ಐದಕ್ಕೇ ಎದ್ದು ಮಾವನನ್ನು ತನ್ನ ಪುಟ್ಟ ದೋಣಿಯಲ್ಲಿ ಕೂರಿಸಿಕೊಂಡು ಕೆರೆಯ ನಡುವಿಗೆ ಹೋಗುತ್ತಿದ್ದ. ಇಬ್ಬರೂ ಗಾಳ ಹಾಕಿ ಕೂರುತ್ತಿದ್ದರು. ಒಂಬತ್ತಕ್ಕೆ ಬರಿಗೈಯಲ್ಲಿ ಮರಳುತ್ತಿದ್ದರು. ಮೊಣಕಾಲು ನೋವು ಬಂದ ಮೇಲೆ ಮಾವ ದೋಣಿ ಹತ್ತುವುದು ನಿಂತಿತು.

ನಿಜ ಹೇಳಬೇಕೆಂದರೆ, ಮೀನು ಹಿಡಿಯುವುದೆಂದರೆ ಕತ್ತರಿಯಣ್ಣನಿಗೆ ಹಲ್ಲು ಕೀಳಿಸಿಕೊಂಡಷ್ಟು ಇಷ್ಟ. ಹರಿತವಾದ ಕ್ಷೌರದ ಕತ್ತಿಯನ್ನು ಹೂವಿನಂತೆ ಆಡಿಸುವ ಆ ಕೈ ಎರೆಹುಳು ಕಂಡರೆ ಬೆನ್ನ ಹಿಂದೆ ಅಡಗುತ್ತಿತ್ತು. ಆದರೆ ಮಾವನಿಗೆ ಅದು ಪ್ರಾಣ ಎಂದು ಗೊತ್ತಿತ್ತು. ತಂದೆಯ ಮುಖ ನೋಡದೆ ಬೆಳೆದವನು ಅವನು. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿ, ಮಾತನ್ನೂ ಸಣ್ಣ ಚಿಮಟದಲ್ಲಿ ಎತ್ತಿ ಇಡುವಂತೆ ಆಡುವ ಆ ಮುದುಕನಿಗೆ ಒಲ್ಲೆ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಈಗ ಎರಡು ತಿಂಗಳಿಂದ ಸೋಮವಾರ ಎಂಟರ ತನಕ ನಿದ್ದೆ. ಸುಖವೋ ಸುಖ. ಏಳುವಾಗ ಮಾತ್ರ ಎದೆಯಲ್ಲಿ ಏನೋ ಚುರುಕ್ ಎನ್ನುತ್ತಿತ್ತು.

ಆ ಸೋಮವಾರ ಹೆಂಡತಿ ಚಹಾ ಲೋಟ ಇಡುತ್ತಾ ಹೇಳಿದಳು: "ರೀ, ಅಪ್ಪ ದಿನಾ ಕಿಟಕಿ ಪಕ್ಕ ಕೂತು ಕೆರೆ ಕಡೆನೇ ನೋಡ್ತಿರ್ತಾರಂತೆ. ಅಮ್ಮ ಹೇಳಿದ್ಲು."

ಅವನು ಲೋಟ ಎತ್ತಿಕೊಂಡ.

"ದೋಣೀಲಿ ಆ ಬರೀ ಹಲಗೆ ಮೇಲೆ ಕೂರೋಕಾಗಲ್ಲ ಅಷ್ಟೇ," ಎಂದಳು ಅವಳೇ. " ಒರಗೋಕೆ ಏನಾದ್ರೂ ಇದ್ರೆ ಬರ್ತಿದ್ರು. ಸಂಜೆ ನಾಲ್ಕಕ್ಕೆ ಇಬ್ಬರೂ ಇಲ್ಲಿಗೇ ಬರ್ತಿದ್ದಾರೆ."

ಅವನು ಲೋಟ ಕೆಳಗಿಟ್ಟು ನೇರ ಸಲೂನಿನ ಹಿಂದಿನ ಕೋಣೆಗೆ ಹೋದ. ಅಲ್ಲಿ ಹಳೆಯ ಕುರ್ಚಿಯೊಂದು ಧೂಳು ತಿನ್ನುತ್ತಿತ್ತು. ತಿರುಗುತ್ತದೆ, ಹಿಡಿಕೆ ಎಳೆದರೆ ಹಿಂದಕ್ಕೆ ಒರಗುತ್ತದೆ, ತಲೆಯಿಡಲು ದಿಂಬಿದೆ. ಇದಕ್ಕಿಂತ ಒಳ್ಳೆಯ ಆಸನ ಯಾವ ಹಡಗಿನಲ್ಲಿದ್ದೀತು?

ಕುರ್ಚಿಯನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಕೆರೆಯ ಮೆಟ್ಟಿಲ ತನಕ ಗುಟ್ಟಾಗಿ ಒಯ್ಯಬೇಕೆಂದಿದ್ದ. ಆ ಬೀದಿಯಲ್ಲಿ ಗುಟ್ಟಾಗಿ ಸೀನುವುದೂ ಸಾಧ್ಯವಿರಲಿಲ್ಲ. ಅವನು ಮೆಟ್ಟಿಲು ತಲುಪುವಷ್ಟರಲ್ಲಿ ಹಿಂದೆ ಮೂವರಿದ್ದರು: ಎದುರುಮನೆಯ ಬಡಗಿ, ಪಕ್ಕದ ಮನೆಯ ದರ್ಜಿ ಅಕ್ಕ, ನಿವೃತ್ತ ವಿಜ್ಞಾನದ ಮೇಷ್ಟ್ರು.

"ಕೆರೇಲಿ ಬ್ರಾಂಚ್ ತೆಗೀತಿದ್ದೀಯೇನಯ್ಯಾ?" ಎಂದರು ಮೇಷ್ಟ್ರು.

ಕುರ್ಚಿಯನ್ನು ದೋಣಿಯ ಹಿಂಭಾಗದಲ್ಲಿ ಇಟ್ಟದ್ದೇ ತಡ, ದೋಣಿಯ ಮೂತಿ ಕ್ಷೌರಕ್ಕೆ ಗದ್ದ ಎತ್ತಿ ಕೂತ ಗಿರಾಕಿಯ ಹಾಗೆ ಆಕಾಶಕ್ಕೆ ಏರಿತು.

"ಕಬ್ಬಿಣದ ಕಾಲಿನ ಭಾರ ಕಣೋ ಅದು," ಎಂದ ಬಡಗಿ, ಯಾರೂ ಕರೆಯದಿದ್ದರೂ ದೋಣಿಗಿಳಿದು. ಕುರ್ಚಿಯ ಕಾಲು ಬಿಚ್ಚಿ ದಡಕ್ಕೆಸೆದ. ಹಣ್ಣು ತುಂಬುವ ಮರದ ಪೆಟ್ಟಿಗೆಯೊಂದನ್ನು ಹಲಗೆಗೆ ಬೋಲ್ಟು ಹಾಕಿ ಬಿಗಿದು, ಅದರ ಮೇಲೆ ತಿರುಗುವ ಹಾಗೆಯೇ ಕುರ್ಚಿ ಕೂರಿಸಿದ. ಈಗ ದೋಣಿ ಹಿಂದಕ್ಕೆ ವಾಲಲಿಲ್ಲ. ಪಕ್ಕಕ್ಕೆ ವಾಲಿತು.

"ತೇಲೋ ವಸ್ತುವಿನ ನಿಯಮ ನೀವ್ಯಾರೂ ಓದಿಲ್ಲ," ಎಂದು ಮೇಷ್ಟ್ರು ಮನೆಗೋಡಿ, ಎಣ್ಣೆಯ ಖಾಲಿ ಕ್ಯಾನುಗಳನ್ನು ಹೊತ್ತು ತಂದರು. ಮುಚ್ಚಳಕ್ಕೆ ಮೇಣ ಮೆತ್ತಿ, ಎರಡೂ ಪಕ್ಕಕ್ಕೆ ಮೂರು ಮೂರು ಕಟ್ಟಿಸಿದರು. ದೋಣಿ ಸಮವಾಗಿ ನಿಂತಿತು, ಆದರೆ ಅಲೆ ಬಂದಾಗಲೆಲ್ಲ ಖಾಲಿ ಪಾತ್ರೆಗಳು ಜಗಳವಾಡುವ ಸದ್ದು. ದರ್ಜಿ ಅಕ್ಕ ಹಳೆಯ ಹೂವಿನ ಪರದೆ ಕತ್ತರಿಸಿ ಕುರ್ಚಿಗೆ ಮೆತ್ತೆ ಹೊಲಿದು ತಂದಳು. ಬಡಗಿ ನೀರಿನ ಪೈಪಿನ ಎರಡು ತುಂಡು ಕುಯ್ದು, ಗಾಳದ ಕೋಲು ಸಿಕ್ಕಿಸಲು ಅಂಚಿಗೆ ಬಿಗಿದ. ಕತ್ತರಿಯಣ್ಣ ನೀರು ಮೊಗೆಯಲು ಶಾಂಪೂ ಡಬ್ಬಿಯೊಂದನ್ನು ಓರೆಯಾಗಿ ಕತ್ತರಿಸಿದ. ಅಷ್ಟರ ಮಟ್ಟಿಗೆ ಅವನ ದೋಣಿಯಲ್ಲಿ ಅವನ ಮಾತು ನಡೆಯಿತು.

"ಮೊಣಕಾಲು ನೋವಿರೋರು, ಜಾರಿಗೀರಿ ಬಿದ್ದರೆ?" ಎಂದಳು ದರ್ಜಿ ಅಕ್ಕ. ತಳಕ್ಕೆ ಕಾಲೊರಸು ಅಂಟಿಸಬೇಕೆಂದಾಯಿತು. ಅವಳು ಕೊಟ್ಟ ಕಾಲೊರಸಿನ ಮೇಲೆ 'ಸುಸ್ವಾಗತ' ಎಂದು ಬರೆದಿತ್ತು. ಬಡಗಿ ಕೊಟ್ಟ ಅಂಟು ಎಷ್ಟು ಬೇಗ ಹಿಡಿಯುತ್ತದೆಂದು ಯಾರೂ ಹೇಳಲಿಲ್ಲ. ಕತ್ತರಿಯಣ್ಣ ಕಾಲೊರಸು ಒತ್ತಿ ಎದ್ದಾಗ ಎಡಗಾಲಿನ ಚಪ್ಪಲಿ ಏಳಲಿಲ್ಲ. ನಾಲ್ವರೂ ಸರದಿಯ ಮೇಲೆ ಎಳೆದರು. ಚಪ್ಪಲಿ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಇರಲಿ ಬಿಡು ತಮ್ಮಾ, ಒಳ್ಳೇದೇ ಆಯ್ತು. ಕಾಲಿಟ್ಟುಕೊಳ್ಳೋಕೆ ಜಾಗ," ಎಂದಳು ಅಕ್ಕ.

ನಾಲ್ಕು ಗಂಟೆಗೆ ಮಾವ ಮೆಟ್ಟಿಲಿಳಿದು ಬಂದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಅತ್ತೆಯ ಭುಜದ ಮೇಲೆ. ಹೂವಿನ ಮೆತ್ತೆಯ ಸಿಂಹಾಸನ, ಕ್ಯಾನುಗಳ ಹಾರ, ಸುಸ್ವಾಗತ, ಒಂಟಿ ಚಪ್ಪಲಿ, ಎಲ್ಲವನ್ನೂ ಕೆಟ್ಟ ಗಡಿಯಾರದ ಒಳಗೆ ಇಣುಕಿದಂತೆ ಒಂದೊಂದಾಗಿ ನೋಡಿದರು.

"ಇದೆಲ್ಲಾ... ನನಗೋಸ್ಕರನಾ?"

"ಇನ್ಯಾರಿಗೆ ಮಾವ?"

ಮಾವನ ಕಣ್ಣು ತುಂಬಿಬಂತು. ದೊಡ್ಡದಾಗಿ ನಿಟ್ಟುಸಿರು ಬಿಟ್ಟರು. ಖುಷಿಯ ಉಸಿರು ಎಂದುಕೊಂಡ ಕತ್ತರಿಯಣ್ಣ, ಅವರನ್ನು ಮಗುವಿನ ಹಾಗೆ ಹಿಡಿದು ಕುರ್ಚಿಯಲ್ಲಿ ಕೂರಿಸಿದ. ಬೀದಿಯವರು ಚಪ್ಪಾಳೆ ತಟ್ಟಿದರು.

ಕೆರೆಯ ನಡುವೆ ಹುಟ್ಟು ಒಳಗಿಟ್ಟು, ಪೈಪುಗಳಲ್ಲಿ ಎರಡೂ ಗಾಳದ ಕೋಲು ಸಿಕ್ಕಿಸಿದ್ದಾಯಿತು. ಮಾವ ಕೈಯಿಡಲು ಜಾಗ ಹುಡುಕುತ್ತಾ ಹಿಡಿಕೆ ಎಳೆದರು. ಕುರ್ಚಿ ಧಡಕ್ಕನೆ ಹಿಂದಕ್ಕೊರಗಿತು. ಮಾವ ಆಕಾಶ ನೋಡುತ್ತಾ ಮಲಗಿದರು. ಕತ್ತರಿಯಣ್ಣನ ಕೈ, ಇಪ್ಪತ್ತು ವರ್ಷದ ಅಭ್ಯಾಸ, ತಾನಾಗಿಯೇ ಹೆಗಲ ಟವೆಲು ತೆಗೆದು ಅವರ ಕೊರಳ ಸುತ್ತ ಸಿಕ್ಕಿಸಿತು.

ಆ ಕುರ್ಚಿಯಲ್ಲಿ ಒರಗಿ, ಕೊರಳಿಗೆ ಟವೆಲು ಬಿದ್ದ ಮೇಲೆ ಬಾಯಿ ಮುಚ್ಚಿಕೊಂಡು ಇದ್ದವರು ಯಾರೂ ಇರಲಿಲ್ಲ.

"ಅಳಿಯಂದ್ರೇ," ಎಂದರು ಮಾವ, ಆಕಾಶಕ್ಕೆ. "ಒಂದು ವಿಷಯ ಹೇಳ್ತೀನಿ. ಬೇಜಾರ್ ಮಾಡ್ಕೋಬಾರ್ದು."

"ಹೇಳಿ ಮಾವ."

"ಮೊಣಕಾಲಿಗೆ ಏನೂ ಆಗಿಲ್ಲ."

"ಅಂದ್ರೆ?"

"ಎರಡು ದಿನ ನೋವಿತ್ತು. ಆಮೇಲೆ ಅದು ಹೋಗ್ತೀನಿ ಅಂತು. ನಾನೇ ಬಿಡ್ಲಿಲ್ಲ." ಮಾವ ಟವೆಲಿನ ತುದಿ ಹಿಡಿದು ತಿರುಚಿದರು. "ನನಗೆ ನೀರ ಮೇಲೆ ಹೊಟ್ಟೆ ತೊಳಸುತ್ತೆ. ಮೀನಿನ ಕಣ್ಣು ನೋಡೋಕಾಗಲ್ಲ. ಆರು ವರ್ಷದಿಂದ ನನ್ನ ಗಾಳಕ್ಕೆ ಹುಳನೇ ಸಿಕ್ಕಿಸಿಲ್ಲ. ನಿಮಗೆ ಇದು ಪ್ರಾಣ ಅಂತ ಸುಮ್ಮನಿದ್ದೆ. ಈಗ ನೋಡಿದ್ರೆ ಕುರ್ಚಿ ಬೇರೆ ಹಾಕಿಸಿಬಿಟ್ಟಿದ್ದೀರಿ. ಇನ್ನು ನಾನು ಎಲ್ಲಿಗೆ ಓಡಲಿ?"

ಕತ್ತರಿಯಣ್ಣ ತನ್ನ ಗಾಳದ ಕೋಲು ಎತ್ತಿ, ದಾರವನ್ನು ಮಾವನ ಮೂಗಿನ ಮುಂದೆ ಹಿಡಿದ. ತುದಿಯಲ್ಲಿ ಹುಳವಿರಲಿಲ್ಲ. ಕೊಕ್ಕೆಯೂ ಇರಲಿಲ್ಲ. ಒಂದು ಷರ್ಟಿನ ಗುಂಡಿ ಇತ್ತು.

"ಎಂಟು ವರ್ಷದಿಂದ, ಮಾವ," ಎಂದ.

ಮಾವ ಗುಂಡಿಯನ್ನು ನೋಡಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ, ಆಮೇಲೆ ಕುರ್ಚಿ, ಕೊನೆಗೆ ಇಡೀ ದೋಣಿ. ಕ್ಯಾನುಗಳೂ ಡಬಡಬ ನಕ್ಕವು. ಕಣ್ಣೊರೆಸಿಕೊಳ್ಳುತ್ತಾ ಮಾವ ಕೇಳಿದರು: "ಮತ್ತೆ ನನಗೆ ಇದು ಪ್ರಾಣ ಅಂತ ನಿಮಗೆ ಯಾರು ಹೇಳಿದ್ದು?"

"ನಿಮ್ಮ ಮಗಳು."

ಮಾವ ಹಿಡಿಕೆ ಎಳೆದು ಎದ್ದು ಕೂತರು. "ನನಗೂ ಅವಳೇ!"

ದಡಕ್ಕೆ ಬರುವಾಗ ಕತ್ತರಿಯಣ್ಣ ಹಾಕಿದಷ್ಟು ಜೋರಾಗಿ ಹುಟ್ಟನ್ನು ಆ ಕೆರೆಯಲ್ಲಿ ಯಾರೂ ಹಾಕಿರಲಿಲ್ಲ. ಮಾವ ಊರುಗೋಲು ಮರೆತು ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದ್ದನ್ನು ನೋಡಿ ಅತ್ತೆ ಬಾಯಿ ತೆರೆದು ನಿಂತರು.

"ಹೌದು, ನಾನೇ ಹೇಳಿದ್ದು," ಎಂದಳು ಅತ್ತೆಯ ಪಕ್ಕದಲ್ಲೇ ನಿಂತಿದ್ದ ಹೆಂಡತಿ, ಒಂದಿಷ್ಟೂ ಅಳುಕದೆ. "ಮದುವೆಯಾದ ಹೊಸದ್ರಲ್ಲಿ ನೀವಿಬ್ಬರೂ ಒಂದೇ ಕೋಣೇಲಿ ಬೆಳಗಿಂದ ಮಧ್ಯಾಹ್ನದ ತನಕ ಕೂತಿರ್ತಿದ್ರಿ. ಗೋಡೆಗಳಾದ್ರೂ ಎರಡು ಮಾತಾಡ್ತಿದ್ವೇನೋ, ನೀವಾಡ್ತಿರ್ಲಿಲ್ಲ. ಆಮೇಲಾಮೇಲೆ ಒಬ್ಬರು ಬಂದ್ರೆ ಇನ್ನೊಬ್ಬರು ಎದ್ದು ಹೋಗೋಕೆ ಶುರು ಮಾಡಿದ್ರಿ. ದೋಣಿಯಿಂದ ಎದ್ದು ಹೋಗೋಕಾಗಲ್ವಲ್ಲ ಅಂತ ಕೂರಿಸಿದೆ. ಹನ್ನೊಂದು ವರ್ಷ ಮಾತಾಡಿದ್ರೋ ಇಲ್ವೋ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಡಿದ್ದರು. ಮಾವ ಮೊದಲ ಸಲ ಗಡಿಯಾರ ಬಿಚ್ಚಿ ಮತ್ತೆ ಕೂಡಿಸಲಾಗದೆ ಅತ್ತದ್ದು ಅಳಿಯನಿಗೆ ಗೊತ್ತಿತ್ತು. ಅಪ್ಪನಿಲ್ಲದ ಮನೆಯಲ್ಲಿ ಅಳಿಯ ಕನ್ನಡಿ ನೋಡಿಕೊಂಡು ತಾನಾಗಿಯೇ ಕ್ಷೌರ ಕಲಿತು ಗದ್ದ ಕೊಯ್ದುಕೊಂಡದ್ದು ಮಾವನಿಗೆ ಗೊತ್ತಿತ್ತು. ಮೀನಿನ ವಿಷಯ ಒಂದು ಬಿಟ್ಟು ಎಲ್ಲ ಮಾತೂ ಆಗಿತ್ತು.

"ಸರಿ, ಇನ್ಮೇಲೆ ಬೇಡ ಬಿಡಿ," ಎಂದಳು ಅವಳು ಮೆತ್ತಗೆ. "ಇಷ್ಟವಿಲ್ಲದ್ದನ್ನ ಯಾಕೆ ಮಾಡ್ತೀರ."

ಕತ್ತರಿಯಣ್ಣನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಮುಂದಿನ ಸೋಮವಾರ, ಬರುವ ಎಲ್ಲ ಸೋಮವಾರಗಳು, ಎಂಟರ ತನಕ ನಿದ್ದೆ.

ಅಷ್ಟರಲ್ಲಿ ಅತ್ತೆ ಮೆಲ್ಲನೆ ದೋಣಿಗಿಳಿದು ಕುರ್ಚಿಯಲ್ಲಿ ಕೂತು ನೋಡಿದ್ದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಹಿಡಿಕೆ ಎಳೆದು ಒರಗಿದರು. "ಅಯ್ಯೋ, ಎಷ್ಟು ಚೆನ್ನಾಗಿದೆಯೇ! ಹನ್ನೊಂದು ವರ್ಷದಿಂದ ನಮಗೆ ಹೇಳೇ ಇಲ್ಲ ನೋಡು ಇವರು."

"ನಾವೇ ಹೋಗೋಣ ಅಮ್ಮ," ಎಂದಳು ಮಗಳು, ಕಣ್ಣರಳಿಸಿ. "ಪ್ರತಿ ಸೋಮವಾರ. ಬೆಳಗ್ಗೆ ಐದಕ್ಕೇ ಹೋದ್ರೆ ಬಿಸಿಲಿರಲ್ಲ. ಮೀನೂ ಗೀನೂ ಏನೂ ಬೇಡ, ಸುಮ್ಮನೆ ಸುತ್ತಾಡ್ಕೊಂಡು ಬರೋಣ. ಹುಟ್ಟು ಹಾಕೋಕೆ ಹೇಗೂ ಇವರಿದ್ದಾರೆ."

ಮೇಷ್ಟ್ರು, ಬಡಗಿ, ದರ್ಜಿ ಅಕ್ಕ ಮತ್ತೆ ಚಪ್ಪಾಳೆ ತಟ್ಟಿದರು.

ಕತ್ತರಿಯಣ್ಣ ಮೆಟ್ಟಿಲ ಮೇಲೆ ಒಂದೇ ಚಪ್ಪಲಿಯಲ್ಲಿ ನಿಂತಿದ್ದ. ಮಾವ ಹತ್ತಿರ ಬಂದು, ಯಾರಿಗೂ ಕೇಳದಂತೆ ಕೇಳಿದರು: "ಸೋಮವಾರ ನಾನು ಎಷ್ಟು ಹೊತ್ತಿಗೆ ಬರಲಿ?"

"ನೀವ್ಯಾಕೆ ಮಾವ? ನೀವು ಪಾರಾದ್ರಲ್ಲ. ಮಲಗಿ ನಿದ್ದೆ ಮಾಡಿ."

"ದಡದಲ್ಲೇ ಕೂತಿರ್ತೀನಿ," ಎಂದರು ಮಾವ. "ಅವರನ್ನ ಸುತ್ತಾಡಿಸಿ ವಾಪಸ್ ಬಂದ್ಮೇಲೆ, ಬೈಕೊಳ್ಳೋಕೆ ನಿಮಗೂ ಒಬ್ಬರು ಬೇಕಲ್ಲ."