ಒಂದು ಜಗಳ ಬಾಕಿ ಅದೆ

ನನ್ನ ಸೋದರಮಾವನ ಎದುರು ಈಗಿನ ಹುಡುಗರು ಇಂಗ್ಲಿಷ್ ಆಡಬಾರದು. ಆಡಿದರೆ ಪ್ರಾಣಾಪಾಯ. ಆಡಿದವರಿಗಲ್ಲ, ಮಾವನಿಗೆ!

ಮಧುವನಹಳ್ಳಿಯ ಈ ಮಹಾನುಭಾವರು ಪ್ರತಿ ಇಂಗ್ಲಿಷ್ ಪದವನ್ನೂ ತಾವು ಶಾಲೆಯಲ್ಲಿ ಕಲಿತ ಅರ್ಥದಲ್ಲೇ ನಂಬುತ್ತಾರೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾವುದೋ ಕೋತಿಯ ವಿಡಿಯೋ ನೋಡಿ ನನ್ನ ಮಗಳು ‘ನಾನು ಡೆಡ್’ ಎಂದು ಬರೆದಳು. ನಕ್ಕು ನಕ್ಕು ಸಾಕಾಯಿತು ಎಂದರ್ಥವಂತೆ! ಮಾವ ಸಿಕ್ಕ ಬಸ್ಸು ಹತ್ತಿ ಯಳಂದೂರಿಗೆ ಬಂದು ನಮ್ಮ ಬಾಗಿಲಲ್ಲಿ ಗೊಳೋ ಎಂದರು. ಕೈಯಲ್ಲಿ ಹೂವಿನ ಹಾರ! ಬಾಗಿಲು ತೆಗೆದವಳು ಮಗಳೇ.

“ಅಯ್ಯೋ ನನ್ ಕಂದಾ, ಬದುಕಿದ್ದೀಯಾ?” ಎಂದು ಕುಸಿದು ಕೂತರು. ಆಮೇಲೆ, ಹೂವು ದಂಡವಾಗಬಾರದೆಂದು ಹಾರವನ್ನು ನಮ್ಮ ಸ್ಕೂಟರಿಗೆ ಹಾಕಿ ಕಾಫಿ ಕುಡಿದರು.

ಇಂಥವರ ಕಿವಿಗೆ ಮೊನ್ನೆ ‘ಘೋಸ್ಟ್’ ಬಿತ್ತು. ಕೊಳ್ಳೇಗಾಲದ ಕಾಲೇಜಿನಲ್ಲಿ ಜೊತೆಗೆ ಓದುವ ಜೀವದ ಗೆಳತಿ ನನ್ನ ಮಗಳನ್ನು ಘೋಸ್ಟ್ ಮಾಡಿದ್ದಳು. ಮಗಳು ಊಟ ಬಿಟ್ಟು ಗೋಡೆ ನೋಡುತ್ತ ಕೂತಿದ್ದಳು. ಮಾವ ತಾಯತ ಕಟ್ಟಿಸಲು ಎದ್ದೇಬಿಟ್ಟರು.

“ದೆವ್ವ ಅಲ್ಲ ತಾತಾ. ಅವಳು ಫೋನ್ ಎತ್ತಲ್ಲ, ಮಾತಾಡ್ಸಲ್ಲ, ಯಾಕೇಂತಾನೂ ಹೇಳಲ್ಲ.”

ದೆವ್ವಕ್ಕೂ ಹೆದರದ ಮಾವ ಈಗ ಬೆಚ್ಚಿಬಿದ್ದರು. “ಜಗಳ ಆಡ್ದೇನೇ ಮಾತ್ ಬುಟ್ಬುಟ್ಲಾ? ಇದ್ಯಾವ ಸೀಮೆ ನ್ಯಾಯ ಕಣವ್ವಾ!”

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ಕ್ರಮವಿದೆ. ಬೀದಿಯಲ್ಲಿ ನಿಂತು, ಸೆರಗು ಸಿಕ್ಕಿಸಿ, ನಾಲ್ಕು ಜನ ಕೇಳುವಂತೆ ಜಗಳವಾಡಬೇಕು. ಕಾರಣ ಊರಿಗೇ ಗೊತ್ತಾಗಬೇಕು. ಆಮೇಲೆ ಧಾರಾಳವಾಗಿ ಮಾತು ಬಿಡಬಹುದು!

ಮಾವ ನಮ್ಮಿಬ್ಬರನ್ನೂ ಹನೂರಿಗೆ ಎಳೆದೊಯ್ದು, ಗೆಳತಿಯ ಮನೆ ಮುಂದೆ ನಿಂತು ಕೂಗಿದರು: “ನನ್ ಮೊಮ್ಮಗಳಿಗೂ ನಿಂಗೂವೆ ಒಂದ್ ಜಗಳ ಬಾಕಿ ಅದೆ ಕಣವ್ವ. ಆಡ್ಬುಟ್ಟು ಆಮೇಲ್ ಮಾತ್ ಬುಡು!” ನನಗೋ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹುಡುಗಿ ಹೊರಬಂದಳು. “ನಮ್ಮವ್ವ ಬುತ್ತಿ ತಕಂಡು ಕಾಲೇಜಿಗೆ ಬಂದಾಗ, ಎಲ್ರ ಮುಂದೆ ‘ಕ್ರಿಂಜ್’ ಅಂದ್ಯಲ್ಲ?”

ಮಗಳ ಮುಖ ಬಿಳುಚಿಕೊಂಡಿತು. ನೋಡುವುದಕ್ಕೇ ನಾಚಿಕೆಗೇಡು ಎಂಬರ್ಥದ ಆ ಮಾತನ್ನು ಅವಳು ಉಪ್ಪಿಟ್ಟಿಗೂ ಅನ್ನುತ್ತಾಳೆ, ಮಳೆಗೂ ಅನ್ನುತ್ತಾಳೆ. ಹಿಂದೊಮ್ಮೆ ಮಾವನ ಪಂಚೆಗೂ ಅಂದಿದ್ದಳು. ಅರ್ಥ ಕೇಳಿ ಅವರು ಪೆಚ್ಚಾಗಿದ್ದರು.

ಅಷ್ಟರಲ್ಲಿ ಗೆಳತಿಯ ತಾಯಿ ಕೈ ಒರೆಸಿಕೊಳ್ಳುತ್ತ ಬಂದರು. “ಅಂಗಂದ್ರೇನವ್ವ?” ಎಂದು ನನ್ನ ಮಗಳನ್ನೇ ಕೇಳಿದರು. ಅವಳು ನನ್ನ ಹಿಂದೆ ಸರಿದಳು.

“ಬಲು ಚೆಂದಾಗವ್ರೆ ಅಂತ ಕಣವ್ವ,” ಎಂದರು ಮಾವ. “ಈಗಿನ ಐಕಳು ಎಲ್ಲಾನೂವೆ ತಿರುಗಾಮುರುಗಾ ಅಂತವೆ.”

ಆ ತಾಯಿ ನಾಚಿ ನಕ್ಕರು. “ಇಷ್ಟಕ್ಕೆ ಕ್ವಾಪ ಮಾಡ್ಕಂಡವ್ಳಾ ನಮ್ಮವಳು? ಬಾ ಮಗ, ಒಸಿ ಉಣ್ಣು,” ಎಂದು ನನ್ನ ಮಗಳ ಕೈ ಹಿಡಿದರು.

ಮಗಳು ಅವರ ಹೆಗಲಿಗೆ ಮುಖ ಒತ್ತಿ ಅತ್ತೇಬಿಟ್ಟಳು. ಗೆಳತಿ ಒಳಗೆ ಹೋಗಿ, ತನ್ನ ತಟ್ಟೆಯ ಪಕ್ಕದಲ್ಲೇ ಇವಳಿಗೂ ತಟ್ಟೆ ಇಟ್ಟಳು.